ಕತ್ತರಿಸಿ ಬೆಸೆದ ಬೀಮ್‌ಗಳಿರುವ ಹಳೆಯ ಫೋರ್ಡ್ ಟ್ರಕ್ ಕೊಳ್ಳುವ ಮುನ್ನ

ಅರಿಜೋನಾದ ಮರಳುಗಾಡಿನಲ್ಲಿ ಓಡಿಸಲೆಂದು ಮುಂಭಾಗ ಎತ್ತರಿಸಿದ ಹಳೆಯ ಫೋರ್ಡ್ ರೇಂಜರ್ ಕೊಳ್ಳಲು ಹೊರಟಿರುವ ಇಲ್ಲಿನ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕೊಂಡ ಟ್ರಕ್ಕಿನ ಮುಂದಿನ ಬೀಮ್‌ಗಳನ್ನು (ಮುಂದಿನ ಚಕ್ರಗಳನ್ನು ಹಿಡಿದಿಡುವ ಉಕ್ಕಿನ ತೊಲೆಗಳನ್ನು) ಹಿಂದಿನ ಮಾಲೀಕರು ತಮ್ಮ ಮನೆಯ ಗ್ಯಾರೇಜಿನಲ್ಲೇ ಕತ್ತರಿಸಿ ಬೆಸೆದಿದ್ದರೆಂಬುದು, ಎಡ ಟೈರಿನ ಒಂದೇ ಅಂಚು ಸವೆಯತೊಡಗಿ, ಅಲೈನ್‌ಮೆಂಟ್ ಮಾಡುವವರು ಗಾಡಿಯನ್ನು ಎತ್ತಿ ತೋರಿಸಿದ ಮೇಲಷ್ಟೇ ತಿಳಿಯಿತು. ದಪ್ಪನಾಗಿ ಬಳಿದ ಕಪ್ಪು ಬಣ್ಣದಲ್ಲಿ ತುಕ್ಕಿನ ಒಂದು ಸಣ್ಣ ಗೆರೆಯಿತ್ತು. ಬಣ್ಣವನ್ನು ಕೆರೆದಾಗ ಬೆಸುಗೆಯ ಅಂಚಿನಗುಂಟ ಬಿರುಕು ಕಂಡಿತು.

ಫೋರ್ಡ್ 1965ರಲ್ಲಿ ತನ್ನ ಎಫ್ ಸರಣಿಯ ಟ್ರಕ್‌ಗಳಿಗೆ ತಂದ, ಮುಂದೆ ರೇಂಜರ್‌ಗೂ ಬಂದ ಟ್ವಿನ್ ಐ-ಬೀಮ್ ವ್ಯವಸ್ಥೆಯಲ್ಲಿ ಪ್ರತಿ ಚಕ್ರಕ್ಕೂ ಒಂದೊಂದು ಉದ್ದನೆಯ ಬೀಮ್ ಇದ್ದು, ಅದರ ಒಳತುದಿ ಚಾಸಿಯ ಎದುರು ಬದಿಯಲ್ಲಿ ತಿರುಗುವಂತೆ ಕೂತಿರುತ್ತದೆ. ಉದ್ದದ ಸ್ಪ್ರಿಂಗ್ ಹಾಕಿ ಗಾಡಿಯನ್ನು ಎತ್ತರಿಸಿದರೆ ಬೀಮಿನ ಹೊರತುದಿ ಕೆಳಗಿಳಿದು, ಚಕ್ರದ ಮೇಲ್ಭಾಗ ಹೊರಕ್ಕೆ ವಾಲುತ್ತದೆ. ಈ ವಾಲನ್ನು ತೆಗೆಯಲು ಬೀಮನ್ನು ತಳದಿಂದ ಕೊಯ್ದು, ಹೊರತುದಿಯನ್ನು ಮೇಲಕ್ಕೆ ಬಾಗಿಸಿ, ಬಾಯ್ತೆರೆದ ಸಂದಿಗೆ ಲೋಹ ತುಂಬಿ ಬೆಸೆಯುತ್ತಾರೆ. ಒಂದು ತುದಿಯಲ್ಲಿ ಕೀಲು, ಇನ್ನೊಂದರಲ್ಲಿ ಚಕ್ರ, ನಡುವೆ ಸ್ಪ್ರಿಂಗಿನ ಒತ್ತಡ ಇರುವುದರಿಂದ ಎಳೆತಕ್ಕೆ ಸಿಕ್ಕುವುದು ಬೀಮಿನ ತಳವೇ, ಅಂದರೆ ಆ ಬೆಸುಗೆ ಇರುವ ಜಾಗವೇ. ಗುಂಡಿ ಇಳಿದಾಗಲೆಲ್ಲ ಅದು ಬಿಡಿಸಿಕೊಳ್ಳಲು ನೋಡುತ್ತಿರುತ್ತದೆ.

ಕಾಯಿಸಿ ಬಡಿದು ತಯಾರಿಸಿದ ಬೀಮಾದರೆ ಅದರ ಉಕ್ಕು ಬೆಸುಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಮೊದಲೇ ಬಿಸಿ ಮಾಡದೆ, ತೇವ ಕುಡಿದ ಬೆಸುಗೆ ರಾಡ್ ಬಳಸಿ ಬೆಸೆದರೆ ಪಕ್ಕದ ಲೋಹ ಗಡುಸಾಗಿ, ಹೈಡ್ರೋಜನ್ ಸೇರಿ, ಕೆಲಸ ಮುಗಿದು ಗಂಟೆಗಳೋ ದಿನವೋ ಕಳೆದ ಮೇಲೆ ತಾನಾಗಿ ಬಿರಿಯಬಹುದು. ಇನ್ನು ಮನೆಯ 120 ವೋಲ್ಟಿನ ಸಣ್ಣ ಮಿಗ್ ಯಂತ್ರದಿಂದ (ತಂತಿ ಕರಗಿಸಿ ಬೆಸೆಯುವ ಯಂತ್ರ) ದಪ್ಪ ಉಕ್ಕನ್ನು ಒಂದೇ ಸಾಲಿನಲ್ಲಿ ಬೆಸೆದರೆ ಮೇಲ್ಮೈ ನುಣುಪಾಗಿ ಕಂಡರೂ ಒಳಗೆ ಹಿಡಿದಿರುವುದಿಲ್ಲ. ನನ್ನ ಗಾಡಿಯಲ್ಲಿ ಆಗಿದ್ದೂ ಇದೇ: ಅಂಚುಗಳನ್ನು ಓರೆಯಾಗಿ ತೇಯದೆಯೇ ಬೆಸೆದು, ಉಬ್ಬನ್ನು ಗ್ರೈಂಡರ್‌ನಿಂದ ಸಮ ಮಾಡಿ, ಬಣ್ಣ ಬಳಿದಿದ್ದರು. ಬಲಪಡಿಸುವ ಪಟ್ಟಿಯನ್ನು ಯಾವ ಬದಿಗೂ ಹಾಕಿರಲಿಲ್ಲ. ಜಿಗ್, ಅಂದರೆ ಬೀಮನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಚೌಕಟ್ಟು, ಇಲ್ಲದೆ ಬಾಗಿಸಿದ್ದರಿಂದ ಎರಡು ಬೀಮ್‌ಗಳ ಕೋನವೂ ಒಂದೇ ಆಗಿರಲಿಲ್ಲ. ಟೈರ್ ಸವೆದದ್ದು ಅದರಿಂದ. ಆ ಸವೆತವನ್ನು ಈಗ ನಾನು ಅದೃಷ್ಟವೆಂದೇ ಎಣಿಸುತ್ತೇನೆ, ಏಕೆಂದರೆ ಹೆದ್ದಾರಿಯಲ್ಲಿ ಬೀಮ್ ಮುರಿದಿದ್ದರೆ ಚಕ್ರ ಮಡಚಿಕೊಂಡು, ಸ್ಟಿಯರಿಂಗ್ ಹಿಡಿತ ತಪ್ಪಿ, ಬ್ರೇಕ್ ಪೈಪೂ ಹರಿಯಬಹುದಿತ್ತು.

ಇಂಥ ಗಾಡಿಯನ್ನು ನೋಡಲು ಹೋದಾಗ ಬೀಮಿನ ತಳಕ್ಕೆ ಟಾರ್ಚ್ ಹಿಡಿಯಿರಿ, ಹೊಸ ಬಣ್ಣ ಅಲ್ಲಿ ಮಾತ್ರ ಇದ್ದರೆ ಸಂಶಯಪಡಿರಿ, ಬೆಸೆದವರು ಯಾರೆಂದು ಕೇಳಿರಿ. ಬಣ್ಣ ತೆಗೆದು ಡೈ ಪೆನೆಟ್ರೆಂಟ್ ಪರೀಕ್ಷೆ (ಬಣ್ಣದ ದ್ರವ ಹಚ್ಚಿ ಸಣ್ಣ ಬಿರುಕುಗಳನ್ನು ಪತ್ತೆ ಮಾಡುವುದು) ಮಾಡಿಸಲು ಮಾರುವವರು ಒಪ್ಪದಿದ್ದರೆ, ಕತ್ತರಿಸದ ಎರಡು ಬೀಮ್‌ಗಳ ಬೆಲೆ ಮತ್ತು ಕೂಲಿಯನ್ನು ಕಳೆದೇ ಚೌಕಾಸಿ ಮಾಡಿ, ಗಾಡಿಯನ್ನು ಟ್ರೇಲರಿನ ಮೇಲೆ ತನ್ನಿರಿ.