ವೈದ್ಯರ ಬಳಲಿಕೆ ಅಳೆಯುವ 22 ಹೇಳಿಕೆಗಳು: ದುಡ್ಡು ಕೊಟ್ಟು ಕೊಳ್ಳಬೇಕೆ?

ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದಾಗುವ ತೀವ್ರ ಬಳಲಿಕೆ, ಅಳೆಯುವ ಪ್ರಶ್ನಾವಳಿ ಮ್ಯಾಸ್ಲಾಕ್ ಬರ್ನ್‌ಔಟ್ ಇನ್ವೆಂಟರಿ. ಅದರ ವೈದ್ಯಕೀಯ ಸಿಬ್ಬಂದಿ ಆವೃತ್ತಿಯಲ್ಲಿ 22 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ‘ಎಂದೂ ಇಲ್ಲ’ ಎಂಬ 0ಯಿಂದ ‘ಪ್ರತಿದಿನ’ ಎಂಬ 6ರವರೆಗೆ ಅಂಕ. ಭಾವನಾತ್ಮಕ ಬಳಲಿಕೆಗೆ 9 ಹೇಳಿಕೆ, ರೋಗಿಯನ್ನು ಬರೀ ಬೆಡ್ ನಂಬರಿನಂತೆ ಕಾಣತೊಡಗುವ ನಿರ್ಲಿಪ್ತತೆಗೆ 5, ಕೆಲಸದ ಸಾರ್ಥಕತೆಗೆ 8.

ಎಡವುವುದು ಲೆಕ್ಕದಲ್ಲಿ. ಮೂರನ್ನೂ ಕೂಡಿಸಿ ಒಂದೇ ಮೊತ್ತ ಮಾಡಬಾರದು. ಮೊದಲೆರಡರಲ್ಲಿ ಅಂಕ ಹೆಚ್ಚಿದ್ದರೆ ಅಪಾಯ, ಸಾರ್ಥಕತೆಯಲ್ಲಿ ಹೆಚ್ಚಿದ್ದರೆ ಕ್ಷೇಮ. ಕೂಡಿಸಿದರೆ ಎರಡೂ ಕಲಸಿಹೋಗುತ್ತವೆ. ‘ಭಾವನಾತ್ಮಕ ಬಳಲಿಕೆಯ ಅಂಕ 27 ಮುಟ್ಟಿದರೆ ಬರ್ನ್‌ಔಟ್’ ಎಂಬ ಹಳೆಯ ಗಡಿಗೆರೆಯನ್ನೂ ಬಿಡಿ, ಕೈಪಿಡಿಯ ನಾಲ್ಕನೇ ಆವೃತ್ತಿಯೇ ಅಂಥವನ್ನು ಕೈಬಿಟ್ಟಿದೆ. ಇದು ರೋಗನಿರ್ಣಯವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿ ಐಸಿಡಿ-11 ಕೂಡ ಬರ್ನ್‌ಔಟನ್ನು ಕಾಯಿಲೆ ಎನ್ನುವುದಿಲ್ಲ, ವೃತ್ತಿಸಂಬಂಧಿ ವಿದ್ಯಮಾನ ಎನ್ನುತ್ತದೆ.

ದೊಡ್ಡ ಕೊರತೆ ಬೆಲೆ: ಮ್ಯಾಸ್ಲಾಕ್ ಪ್ರಶ್ನಾವಳಿಯ ಒಂದೊಂದು ಪ್ರತಿಗೂ ಪರವಾನಗಿ ಶುಲ್ಕ. ಸಣ್ಣ ಆಸ್ಪತ್ರೆಗೆ 19 ಪ್ರಶ್ನೆಗಳ ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿಯೇ ವಾಸಿ, ಅದು ಉಚಿತ. ಸ್ವಂತ ಬದುಕಿನ ದಣಿವು, ಕೆಲಸದ ದಣಿವು, ರೋಗಿಗಳಿಂದಾಗುವ ದಣಿವನ್ನು ಬೇರ್ಪಡಿಸಿ ತೋರಿಸುವುದರಿಂದ ಡ್ಯೂಟಿ ಪಟ್ಟಿ ತಿದ್ದಲು ನೇರ ಸುಳಿವು ಸಿಗುತ್ತದೆ.

ಯಾವುದನ್ನೇ ಬಳಸಿ, ಹೆಸರು ಕೇಳಬೇಡಿ. ವಿಭಾಗದ ಮುಖ್ಯಸ್ಥರ ಕೈಗೆ ಹೋಗುವ ಹಾಳೆಯಲ್ಲಿ ಯಾವ ಪಿಜಿ ವಿದ್ಯಾರ್ಥಿಯೂ ನಿಜ ಬರೆಯಲಾರ. ಹಾಳೆಯ ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅಚ್ಚು ಹಾಕಿಸಿ. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.