ತಂಬಿಗೆ ನೀರು ತುಳುಕದ ನಡೆ: ಐಸ್‌ಲ್ಯಾಂಡಿನ ಕುದುರೆ ಸವಾರಿ

ನಮ್ಮ ತಾತ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದರು. ಹುರುಳಿ ಬೇಯುವ ವಾಸನೆಯಲ್ಲೇ ಬೆಳೆದವಳು ನಾನು. ಕಳೆದ ಸೆಪ್ಟೆಂಬರಿನಲ್ಲಿ ಮಗನ ಜೊತೆ ಐಸ್‌ಲ್ಯಾಂಡಿಗೆ ಹೋದಾಗ, ಒಂದು ಜಲಪಾತ ಬಿಟ್ಟರೂ ಪರವಾಗಿಲ್ಲ, ಅಲ್ಲಿಯ ಕುದುರೆ ಹತ್ತಲೇಬೇಕು ಅಂತ ಹಟ ಹಿಡಿದೆ. ರೇಕ್ಯಾವಿಕ್‌ನಿಂದ ಮುಕ್ಕಾಲು ಗಂಟೆ ದಾರಿ. ಹ್ವೆರಗೆರ್ಡಿ ಅನ್ನೋ ಊರಿನ ಆಚೆ ಒಂದು ಫಾರ್ಮ್. ನೆಲದಿಂದ ಅಲ್ಲಲ್ಲಿ ಬಿಸಿ ಹಬೆ ಏಳುತ್ತಿರುತ್ತದೆ. ಎರಡು ಗಂಟೆಯ ಸವಾರಿಗೆ ತಲೆಗೆ 16,000 ಕ್ರೋನಾ, ಹೆಚ್ಚುಕಡಿಮೆ 10,000 ರೂಪಾಯಿ. ಜಾಸ್ತಿಯೇ. ಆದರೆ ಕೊಟ್ಟದ್ದಕ್ಕೆ ಬೇಜಾರಿಲ್ಲ.

ಕುದುರೆಯ ಬೆನ್ನು ನನ್ನ ಭುಜದ ಮಟ್ಟಕ್ಕೆ ಬರುತ್ತದೆ, ಅಷ್ಟೇ. ನೋಡಿದವರಿಗೆ ತಟ್ಟು, ಅಂದರೆ ಪೋನಿ, ಅನಿಸಬಹುದು. ಅಲ್ಲಿಯವರ ಮುಂದೆ ಮಾತ್ರ ಹಾಗನ್ನಬೇಡಿ, ಅವರಿಗೆ ಅದು ಕುದುರೆಯೇ. ನನ್ನ ಪಾಲಿಗೆ ಬಂದವನ ಹೆಸರು ಸ್ಕ್ಯೋನಿ. ಮೈಮೇಲೆ ಬಿಳಿಯ ದೊಡ್ಡ ದೊಡ್ಡ ಮಚ್ಚೆ ಇರುವ ಕುದುರೆಗೆ ಇಡುವ ಹೆಸರಂತೆ. ನಮ್ಮಲ್ಲಿ ದನಕ್ಕೆ ಕೆಂದ, ಕರಿಯ ಅಂತ ಕರೆಯುತ್ತೇವಲ್ಲ, ಹಾಗೆ. ಚಳಿಗಾಲದ ಕೂದಲು ಆಗಲೇ ಬರೋಕೆ ಶುರುವಾಗಿತ್ತು. ಕುತ್ತಿಗೆಯ ಜೂಲಿನ ಕೆಳಗೆ ಕೈ ಇಟ್ಟರೆ ಕಂಬಳಿಯೊಳಗೆ ಇಟ್ಟ ಹಾಗೆ ಬೆಚ್ಚಗೆ. ಮೊದಲು ನಾನು ನೋಡಿದ್ದು ಬಾಯಿ ಮತ್ತು ಬೆನ್ನು. ಕಡಿವಾಣ ತಾಗುವ ಜಾಗದಲ್ಲಿ ಗಾಯವಿಲ್ಲ, ಜೀನಿನ ಕೆಳಗೆ ಉಜ್ಜಿದ ಗುರುತಿಲ್ಲ. ಲಾಳ ಹೊಸದು. ತಾತ ಇದ್ದಿದ್ದರೂ ಇದನ್ನೇ ನೋಡುತ್ತಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ನಡೆ. ನಡಿಗೆ, ಕುಕ್ಕುಲೋಟ, ನಾಗಾಲೋಟ ಎಲ್ಲ ಕುದುರೆಗೂ ಗೊತ್ತು. ಈ ತಳಿಗೆ ಇನ್ನೊಂದು ನಡೆ ಇದೆ, ತೋಲ್ಟ್. ನಾಲ್ಕು ಕಾಲೂ ಒಂದರ ಹಿಂದೆ ಒಂದು ನೆಲ ಮುಟ್ಟುತ್ತವೆ, ಒಂದಾದರೂ ಗೊರಸು ಯಾವಾಗಲೂ ನೆಲದ ಮೇಲೆ ಇದ್ದೇ ಇರುತ್ತದೆ. ಹಾಗಾಗಿ ವೇಗ ಬಂದರೂ ಮೇಲಿರುವವರಿಗೆ ಕುಲುಕಾಟವಿಲ್ಲ. ಬಿಯರ್ ತುಂಬಿದ ಲೋಟ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ತೋಲ್ಟ್ ಓಡಿಸುವ ಸ್ಪರ್ಧೆ ಅಲ್ಲಿ ನಡೆಯುತ್ತದೆ. ಕೆಲವು ಕುದುರೆಗಳಿಗೆ ಸ್ಕೇಯ್ಡ್ ಅನ್ನುವ ಐದನೇ ನಡೆಯೂ ಬರುತ್ತದೆ. ಒಂದು ಪಕ್ಕದ ಎರಡು ಕಾಲು ಒಟ್ಟಿಗೆ ಹೋಗುವ, ರೇಸಿನ ಓಟ ಅದು. ನಮ್ಮಂಥವರಿಗೆ ಅಲ್ಲ.

ಗೈಡ್ ಹುಡುಗಿ ಹಿಂದಕ್ಕೆ ತಿರುಗಿ, ಬೆನ್ನು ಸ್ವಲ್ಪ ಹಿಂದಕ್ಕೆ, ಲಗಾಮು ಒಂದು ಚೂರು ಬಿಗಿ ಅಂದಳು. ಸ್ಕ್ಯೋನಿಯ ತಲೆ ಮೇಲಕ್ಕೆ ಎದ್ದಿತು. ಟಕಟಕಟಕಟಕ ಅಂತ ಒಂದೇ ಸಮನೆ ಸದ್ದು. ಕಲ್ಲುದಾರಿ ಕಾಲ ಕೆಳಗೆ ಓಡುತ್ತಿದೆ, ನಾನು ಮಾತ್ರ ಕುರ್ಚಿಯಲ್ಲಿ ಕೂತ ಹಾಗೆ ಕೂತಿದ್ದೇನೆ. ಕಣ್ಣಲ್ಲಿ ನೀರು ಬಂತು, ಗಾಳಿಗೆ ಮಾತ್ರ ಅಲ್ಲ.

ಈ ಸುಖ ಸಿಕ್ಕಿದ್ದು ಇಪ್ಪತ್ತೇ ನಿಮಿಷ, ನನ್ನ ದೊಡ್ಡ ದೂರು ಇದೇ. ಬುಕ್ ಮಾಡುವಾಗ ಸವಾರಿ ಬರುತ್ತಾ ಅಂತ ಕೇಳಿದ್ದರು, ಸ್ವಲ್ಪ ಬರುತ್ತದೆ ಅಂತ ಬರೆದಿದ್ದೆ. ಆಮೇಲೆ ಒಂಬತ್ತು ಜನರನ್ನೂ ಒಂದೇ ಸಾಲಿನಲ್ಲಿ ಬಿಟ್ಟರು. ಅದರಲ್ಲಿ ಆರು ಜನ ಮೊದಲ ಸಲ ಕುದುರೆ ಹತ್ತಿದವರು. ಅವರಿಗೋಸ್ಕರ ನಿಧಾನಕ್ಕೆ ಹೋಗಿದ್ದು ಸರಿಯೇ. ಆದರೆ ಗುಂಪು ಬೇರೆ ಮಾಡಬಹುದಿತ್ತು ಅಲ್ವಾ?

ಇನ್ನೊಂದು, ಬೂಟು. ಮೈಸೂರಿನಲ್ಲಿ ಸವಾರಿ ಕಲಿಯುವಾಗ ಹಾಕುತ್ತಿದ್ದ ಬೂಟು ತಗೊಂಡು ಹೋಗೋಣ ಅಂತಿದ್ದೆ. ಬೇರೆ ದೇಶದಲ್ಲಿ ಬಳಸಿದ ಜೀನು, ಲಗಾಮನ್ನು ಐಸ್‌ಲ್ಯಾಂಡಿಗೆ ತರುವಂತೆಯೇ ಇಲ್ಲ. ಸವಾರಿ ಬಟ್ಟೆ, ಬೂಟನ್ನೂ ತೊಳೆದು, ಸೋಂಕು ನಿವಾರಕ ಹಾಕಿಯೇ ತರಬೇಕು. ಇದನ್ನು ಮಗ ಹುಡುಕಿ ಹೇಳಿದ, ಫಾರ್ಮಿನವರ ಮೇಲ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಸಾವಿರ ವರ್ಷದ ಹಿಂದೆಯೇ, 982ರಲ್ಲಿ, ಹೊರಗಿನ ಕುದುರೆ ಬರಬಾರದು ಅಂತ ಅಲ್ಲಿ ಕಾನೂನು ಮಾಡಿದರು ಅನ್ನುತ್ತಾರೆ. ಅಲ್ಲಿಂದ ಹೊರಗೆ ಹೋದ ಕುದುರೆಯೂ ವಾಪಸ್ ಬರುವ ಹಾಗಿಲ್ಲ, ಸ್ಪರ್ಧೆ ಗೆದ್ದದ್ದಾದರೂ ಅಷ್ಟೇ. ಬೇರೆ ಕಡೆಯ ಎಷ್ಟೋ ಕಾಯಿಲೆ ಆ ದ್ವೀಪ ಮುಟ್ಟಿಲ್ಲ. ಮುಟ್ಟಿದರೆ ಈ ಕುದುರೆಗಳಿಗೆ ತಡೆಯುವ ಶಕ್ತಿ ಇಲ್ಲ. ಅಂಥ ಕಡೆ ಬರುವವರಿಗೆ ಫಾರ್ಮಿನವರೇ ಮೊದಲು ಹೇಳಬೇಕು.

ಹೆಲ್ಮೆಟ್, ಕೇಸರಿ ಬಣ್ಣದ ಮಳೆ ಕೋಟು ಅವರೇ ಕೊಡುತ್ತಾರೆ. ಒಳಗೆ ಉಣ್ಣೆ ಬಟ್ಟೆ, ಕೈಗವಸು ನಿಮ್ಮದೇ ಇರಲಿ, ಹೊಸದಾದರೆ ಒಳ್ಳೆಯದು. ಸವಾರಿ ಬಲ್ಲವರು ಎರಡು ಗಂಟೆಯದು ತಗೊಳ್ಳಬೇಡಿ. ಅನುಭವ ಇದ್ದವರಿಗೆ ಅಂತಲೇ ಬೇರೆ ಸವಾರಿ ಇದೆಯಾ ಅಂತ ಕೇಳಿ.

ವಾಪಸ್ ಬಂದು ಜೀನು ಇಳಿಸಿದ ಮೇಲೆ ಗೈಡ್ ಹುಡುಗಿ ಸ್ಕ್ಯೋನಿಯ ಒದ್ದೆ ಬೆನ್ನು ಉಜ್ಜಿ ಬಯಲಿಗೆ ಬಿಟ್ಟಳು. ಅವನು ನಾಲ್ಕು ಹೆಜ್ಜೆ ಹೋಗಿ, ಮಂಡಿಯೂರಿ, ಕೆಸರಿನಲ್ಲಿ ಆ ಕಡೆ ಈ ಕಡೆ ಹೊರಳಾಡಿದ. ಅವನು ಎದ್ದು ಮೈ ಕೊಡವುವ ತನಕ ನಾವಿಬ್ಬರೂ ಬೇಲಿ ಹಿಡಿದು ನಿಂತಿದ್ದೆವು. ಮುಂದಿನ ಸಲ ಬಂದರೆ ಅವನನ್ನೇ ಕೊಡಿ ಅಂತ ಕೇಳಿ ಬಂದಿದ್ದೇನೆ.