ದೊಡ್ಡ ಜೊತೆಗಾರ ಸಿಕ್ಕ ಮೇಲೆ ಟಿಎನ್‌ಎ: ವಾರ ತಪ್ಪದೆ ನೋಡಿದವನ ವಿಮರ್ಶೆ

ರೆಸ್ಲಿಂಗ್‌ನ ದೈತ್ಯ ಕಂಪನಿ ಡಬ್ಲ್ಯುಡಬ್ಲ್ಯುಇ ಜೊತೆ ಕೈಜೋಡಿಸಿದ ಮೇಲೆ ಅಮೆರಿಕದ ಚಿಕ್ಕ ಕಂಪನಿ ಟಿಎನ್‌ಎ ರೆಸ್ಲಿಂಗ್ ನೋಡಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಖಂಡಿತ ನೋಡಿ. ಆದರೆ ವರ್ಲ್ಡ್ ಬೆಲ್ಟ್, ಅಂದರೆ ಕಂಪನಿಯ ಅತಿ ದೊಡ್ಡ ಚಾಂಪಿಯನ್ ಪಟ್ಟ, ಯಾರ ಸೊಂಟದಲ್ಲಿದೆ ಅನ್ನೋದರ ಮೇಲೆ ಒಂದು ಕಣ್ಣಿಟ್ಟಿರಿ. 2024ರ ಜನವರಿ 13ರಂದು ಲಾಸ್ ವೇಗಸ್‌ನ ಹಾರ್ಡ್ ಟು ಕಿಲ್ ಕಾರ್ಯಕ್ರಮದಲ್ಲಿ ಇಂಪ್ಯಾಕ್ಟ್ ಎಂಬ ಹೆಸರು ಹೋಗಿ ಹಳೆಯ ಟಿಎನ್‌ಎ ಹೆಸರು ವಾಪಸ್ ಬಂತಲ್ಲ, ಅಂದಿನಿಂದ ನಾನು ಒಂದು ವಾರವೂ ಬಿಟ್ಟಿಲ್ಲ. ಅಣ್ಣನೂ ಬಿಟ್ಟಿಲ್ಲ. ಒಟ್ಟಿಗೆ ಕೂತು ನೋಡುತ್ತೇವೆ, ನೋಡಿದ ಮೇಲೆ ಜಗಳ ಆಡುತ್ತೇವೆ. ಜಗಳಕ್ಕೆ ವಿಷಯ ಒಂದೇ. ಇದು ಟಿಎನ್‌ಎ ಬೆಳೆಯುತ್ತಿರುವುದಾ, ಇಲ್ಲಾ ದೊಡ್ಡವರ ಹಿತ್ತಲಾಗುತ್ತಿರುವುದಾ?

ಈ ಕಂಪನಿಯ ರುಚಿ ಹತ್ತಿಸಿದವನೇ ಅಣ್ಣ. 2005ರ ಸೆಪ್ಟೆಂಬರ್‌ನ ಅನ್‌ಬ್ರೇಕಬಲ್‌ನಲ್ಲಿ ಎ.ಜೆ. ಸ್ಟೈಲ್ಸ್, ಸಮೋವಾ ಜೋ, ಕ್ರಿಸ್ಟೋಫರ್ ಡೇನಿಯಲ್ಸ್ ಮೂವರೂ ಆರು ಮೂಲೆಯ ರಿಂಗ್‌ನಲ್ಲಿ ಆಡಿದ ಪಂದ್ಯವನ್ನು ಕೂರಿಸಿ ತೋರಿಸಿದ್ದ. ಎಕ್ಸ್ ಡಿವಿಷನ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅಲ್ಲೇ. ತೂಕದ ಮಿತಿ ಇಲ್ಲ, ಹೀಗೇ ಆಡಬೇಕು ಅನ್ನುವ ಕಟ್ಟುಪಾಡಿಲ್ಲ, ಮೈಯಲ್ಲಿ ಎಷ್ಟಿದೆಯೋ ಅಷ್ಟನ್ನೂ ರಿಂಗ್‌ಗೆ ಸುರಿಯುವುದು. 2002ರ ಜೂನ್ 19ರಂದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಜೆರಿ ಜ್ಯಾರೆಟ್, ಜೆಫ್ ಜ್ಯಾರೆಟ್ ಅಪ್ಪ ಮಗ ಶುರು ಮಾಡಿದ ಈ ಕಂಪನಿಗೆ ಬೇರೆಲ್ಲೂ ಇಲ್ಲದ್ದು ಅಂತ ಏನಾದರೂ ಇದ್ದರೆ ಅದೇ. ಆಮೇಲೆ ಇಳಿಜಾರು. 2014ರ ಕೊನೆಗೆ ಸ್ಪೈಕ್ ಟಿವಿ ಕೈತಪ್ಪಿತು. ಒಂದಾದ ಮೇಲೊಂದು ಚಾನೆಲ್ ಬದಲಾಯಿತು. 2017ರಲ್ಲಿ ಆಂಥಮ್ ಎಂಬ ಮಾಧ್ಯಮ ಕಂಪನಿ ಕೊಂಡುಕೊಂಡಿತು. ಕೊರೊನಾ ಕಾಲದಲ್ಲಂತೂ ನ್ಯಾಶ್‌ವಿಲ್‌ನ ಖಾಲಿ ಸ್ಟುಡಿಯೋದಲ್ಲಿ ಪಂದ್ಯ ನಡೆಯುತ್ತಿತ್ತು. ಬೆನ್ನು ಮ್ಯಾಟ್‌ಗೆ ಬಡಿದ ಸದ್ದು ಗೋಡೆಗೆ ತಾಗಿ ವಾಪಸ್ ಬರುತ್ತಿತ್ತು. ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ದೊಡ್ಡ ಕಂಪನಿಯ ಸಹವಾಸ ಇವರಿಗೆ ಹೊಸದಲ್ಲ. 2020ರ ಡಿಸೆಂಬರ್‌ನಲ್ಲಿ ಕೆನ್ನಿ ಒಮೆಗಾ ಎಇಡಬ್ಲ್ಯು ಎಂಬ ಇನ್ನೊಂದು ದೊಡ್ಡ ಕಂಪನಿಯ ಚಾಂಪಿಯನ್ ಆದ ರಾತ್ರಿಯೇ ಆ ಬಾಗಿಲು ತೆರೆದಿತ್ತು. 2021ರ ಏಪ್ರಿಲ್ 25ರ ರೆಬೆಲಿಯನ್‌ನಲ್ಲಿ ಆತ ರಿಚ್ ಸ್ವಾನ್‌ನನ್ನು ಸೋಲಿಸಿ ಇಂಪ್ಯಾಕ್ಟ್ ಬೆಲ್ಟ್ ಗೆದ್ದ. ಅದನ್ನು ಅವನಿಂದ ಕಿತ್ತುಕೊಂಡಿದ್ದು ಕ್ರಿಶ್ಚಿಯನ್ ಕೇಜ್. ಅದೂ ಆಗಸ್ಟ್ 13ರಂದು, ಎಇಡಬ್ಲ್ಯುನ ರ‍್ಯಾಂಪೇಜ್ ಎಂಬ ಹೊಸ ಕಾರ್ಯಕ್ರಮದ ಮೊದಲ ಕಂತಿನಲ್ಲಿ. ಇವರ ಬೆಲ್ಟ್ ಅವರ ಮನೆಯ ಗೃಹಪ್ರವೇಶಕ್ಕೆ ತೋರಣವಾಯಿತು. ಅಕ್ಟೋಬರ್‌ನ ಬೌಂಡ್ ಫಾರ್ ಗ್ಲೋರಿಯಲ್ಲಿ ಜೋಶ್ ಅಲೆಕ್ಸಾಂಡರ್ ಗೆಲ್ಲುವವರೆಗೂ ಅದು ಮನೆ ಸೇರಲಿಲ್ಲ. ಆ ಆರು ತಿಂಗಳು ನೋಡಿದವರ ಮನಸ್ಸಿನಲ್ಲಿ ಅಳುಕು ಉಳಿದೇ ಇದೆ. ಅಣ್ಣನ ಸಂಶಯದ ಬೇರು ಅಲ್ಲಿದೆ, ಅದು ಸುಳ್ಳು ಸಂಶಯವಲ್ಲ.

ಈ ಸಲದ್ದು, ಡಬ್ಲ್ಯುಡಬ್ಲ್ಯುಇ ಜೊತೆಗಿನದು, ನಿಧಾನವಾಗಿ ಶುರುವಾಯಿತು. 2024ರ ಜನವರಿಯಲ್ಲಿ ಡಬ್ಲ್ಯುಡಬ್ಲ್ಯುಇಯ ರಾಯಲ್ ರಂಬಲ್‌ಗೆ ಜಾರ್ಡಿನ್ ಗ್ರೇಸ್ ನಾಕ್‌ಔಟ್ಸ್, ಅಂದರೆ ಟಿಎನ್‌ಎ ಮಹಿಳಾ ವಿಭಾಗದ, ಚಾಂಪಿಯನ್ ಆಗಿಯೇ ಬಂದಳು. ಜೂನ್‌ನಲ್ಲಿ ಡಬ್ಲ್ಯುಡಬ್ಲ್ಯುಇಯ ಕಿರಿಯರ ವಿಭಾಗವಾದ ಎನ್‌ಎಕ್ಸ್‌ಟಿಯ ಬ್ಯಾಟಲ್‌ಗ್ರೌಂಡ್‌ನಲ್ಲಿ ರಾಕ್ಸಾನ್ ಪೆರೆಜ್ ಎದುರು ಆಡಿದಳು. ಆದರೆ ನನ್ನ ಮನಸ್ಸು ತಿರುಗಿದ್ದು ಜೂನ್ 18ರಂದು, ಎನ್‌ಎಕ್ಸ್‌ಟಿಯ ಬ್ಯಾಟಲ್ ರಾಯಲ್‌ನಲ್ಲಿ, ಹಲವರು ಒಟ್ಟಿಗೆ ರಿಂಗ್‌ಗೆ ಇಳಿದು ಕೊನೆಗೆ ಉಳಿದವನು ಗೆಲ್ಲುವ ಪಂದ್ಯದಲ್ಲಿ. ಯಾರ ಲೆಕ್ಕದಲ್ಲೂ ಇರದ ಜೋ ಹೆಂಡ್ರಿಯ ಎಂಟ್ರಿ ಸಂಗೀತ ಶುರುವಾಯಿತು. ಮೊದಲ ಸ್ವರಕ್ಕೇ ಜನ ಎದ್ದು ನಿಂತರು. ಎರಡೂ ಕೈ ಮೇಲೆತ್ತಿ ಆ ಕಡೆ ಈ ಕಡೆ ತೂಗತೊಡಗಿದರು. ಅದು ಬೇರೆ ಕಂಪನಿಯ ಜನ, ಬೇರೆ ಕಂಪನಿಯ ಅಂಗಳ. ಆದರೂ ಟಿಎನ್‌ಎ ಹುಡುಗನ ಪ್ರತಿ ಸಾಲೂ ಅವರಿಗೆ ಬಾಯಿಪಾಠ. ಅಲ್ಲಿವರೆಗೆ ಒರಗಿ ಕೂತಿದ್ದ ಅಣ್ಣ ಮುಂದಕ್ಕೆ ಬಾಗಿದ. "ಇವರಿಗೆಲ್ಲ ಇವನು ಹೆಂಗೋ ಗೊತ್ತು?" ಅಂದ.

ಮುಂದೆ 2025ರ ಜನವರಿ 16ರಂದು ಹಲವು ವರ್ಷಗಳ ಅಧಿಕೃತ ಒಪ್ಪಂದವೇ ಪ್ರಕಟವಾಯಿತು. ಮೂರು ದಿನ ಬಿಟ್ಟು ಜೆನೆಸಿಸ್‌ನಲ್ಲಿ ನಿಕ್ ನೆಮೆತ್‌ನನ್ನು ಸೋಲಿಸಿ ಹೆಂಡ್ರಿ ವರ್ಲ್ಡ್ ಚಾಂಪಿಯನ್ ಆದ. ಇಷ್ಟರ ಮಟ್ಟಿಗೆ ಎಲ್ಲವೂ ಚೆನ್ನ.

ಚೆನ್ನಲ್ಲದ್ದು ಏಪ್ರಿಲ್ 20ರಂದು ಬಂತು. ಡಬ್ಲ್ಯುಡಬ್ಲ್ಯುಇಯ ರೆಸಲ್‌ಮೇನಿಯಾ 41, ಲಾಸ್ ವೇಗಸ್. ಕೆವಿನ್ ಓವೆನ್ಸ್ ಗಾಯಗೊಂಡಿದ್ದರಿಂದ ರ‍್ಯಾಂಡಿ ಆರ್ಟನ್‌ಗೆ ಎದುರಾಳಿ ಇರಲಿಲ್ಲ. ಆ ಜಾಗಕ್ಕೆ ಬಂದವನು ಹೆಂಡ್ರಿ. ಅಷ್ಟು ದೊಡ್ಡ ಸ್ಟೇಡಿಯಂ ತುಂಬ ಅವನ ಹೆಸರು. ಆದರೆ ಪಂದ್ಯ ಕೆಲವೇ ನಿಮಿಷ. ಆರ್‌ಕೆಒ ಎಂಬ ಆರ್ಟನ್‌ನ ಕೊನೆಯ ಪಟ್ಟು ಒಂದು, ಮೂರು ಎಣಿಕೆ, ಮುಗಿಯಿತು. ಮುಗಿದ ಮೇಲೂ ಇನ್ನೊಂದು ಆರ್‌ಕೆಒ.

"ನೋಡಿದ್ಯಾ? ಒಂದು ಕಂಪನಿಯ ಚಾಂಪಿಯನ್ ಕಣೋ ಅವನು. ಹಿಂಗಾ ನಡೆಸ್ಕೊಳ್ಳೋದು?" ಅಣ್ಣನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

"ಅಣ್ಣ, ಇವತ್ತು ಅವನ ಹೆಸರು ಕೇಳಿದವರಲ್ಲಿ ಅರ್ಧ ಜನ ನಿನ್ನೆವರೆಗೂ ಟಿಎನ್‌ಎ ಅಂತ ಒಂದಿದೆ ಅಂತಾನೇ ಅಂದ್ಕೊಂಡಿರಲಿಲ್ಲ," ಅಂದೆ. ಆಗ ಹಾಗೆ ಅಂದೆನಾದರೂ ಈಗ ಅನ್ನಿಸುವುದು ಬೇರೆ. ಅವನು ಸೋತಿದ್ದಕ್ಕೆ ತಕರಾರಿಲ್ಲ, ಇಲ್ಲಿ ಸೋಲು ಗೆಲುವು ಮೊದಲೇ ಬರೆದಿಟ್ಟ ಕಥೆ. ಆದರೆ ಚಾಂಪಿಯನ್‌ಗೆ ಹತ್ತು ನಿಮಿಷ ಕೊಟ್ಟಿದ್ದರೆ, ಎರಡು ಸಲವಾದರೂ ಆರ್ಟನ್‌ನನ್ನು ಕೆಡವಲು ಬಿಟ್ಟಿದ್ದರೆ, ಸೋತೂ ಬೆಲ್ಟ್‌ನ ತೂಕ ಉಳಿಯುತ್ತಿತ್ತು. ಪಾಲುದಾರರ ನಡುವೆ ಆ ಮಾತ್ರದ ಮರ್ಯಾದೆ ಇರಲೇಬೇಕು.

ಮೇ 25ರಂದು ಟ್ಯಾಂಪಾದಲ್ಲಿ ಎನ್‌ಎಕ್ಸ್‌ಟಿಯ ಟ್ರಿಕ್ ವಿಲಿಯಮ್ಸ್ ಹೆಂಡ್ರಿಯನ್ನು ಸೋಲಿಸಿ ಟಿಎನ್‌ಎ ವರ್ಲ್ಡ್ ಬೆಲ್ಟ್ ತೆಗೆದುಕೊಂಡು ಹೋದ. ಬರೀ ಟಿಎನ್‌ಎ ನೋಡುವವರು ಈ ಒಂದು ವಿಷಯ ತಿಳಿದಿರಬೇಕು. ಕಂಪನಿಯ ಅತಿ ದೊಡ್ಡ ಬೆಲ್ಟ್ ಕೈ ಬದಲಾದದ್ದು ಕಂಪನಿಯ ಸ್ವಂತ ಕಾರ್ಯಕ್ರಮದಲ್ಲಿ ಅಲ್ಲವೇ ಅಲ್ಲ. ಕಥೆ ಪೂರ್ತಿ ಹಿಡಿಯಬೇಕೆಂದರೆ ಇನ್ನೊಬ್ಬರ ಕಾರ್ಯಕ್ರಮವನ್ನೂ ನೋಡಬೇಕು. ಬಿಡುವಿರುವವರಿಗೆ ಪರವಾಗಿಲ್ಲ, ವಾರಕ್ಕೆ ಎರಡೇ ಗಂಟೆ ತೆಗೆದಿಡುವವರಿಗೆ ಇದು ಭಾರ. ನನ್ನ ಮಟ್ಟಿಗೆ ಈ ಒಪ್ಪಂದದ ಅತಿ ದೊಡ್ಡ ಕೊರತೆ ಇದೇ.

ಟ್ರಿಕ್ ಬಗ್ಗೆ ಮಾತ್ರ ಅನ್ಯಾಯವಾಗಿ ಮಾತಾಡಲಾರೆ. ಬೆಲ್ಟ್ ಹೊತ್ತುಕೊಂಡು ಟಿಎನ್‌ಎ ರಿಂಗ್‌ಗೆ ಬಂದ, ಸೊಕ್ಕಿನಿಂದ ಮೈಕ್ ಹಿಡಿದ, ಜನ ಬಾಯಿಗೆ ಬಂದಂತೆ ಬೈದರು. ವಿಲನ್ ಮಾಡಬೇಕಾದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ.

ಜುಲೈ 20, ನ್ಯೂಯಾರ್ಕ್ ರಾಜ್ಯದ ಎಲ್ಮಾಂಟ್, ಯುಬಿಎಸ್ ಅರೀನಾ, ಟಿಎನ್‌ಎಯ ವಾರ್ಷಿಕ ಕಾರ್ಯಕ್ರಮ ಸ್ಲ್ಯಾಮಿವರ್ಸರಿ. 7 ಸಾವಿರ ದಾಟಿದ ಜನ. ಹಿಂದೆ ಒರ್ಲ್ಯಾಂಡೊದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಟಿಕೆಟ್ಟೇ ಇಲ್ಲದೆ ಪುಕ್ಕಟೆಯಾಗಿ ಜನರನ್ನು ಕೂರಿಸಿ ಕಾರ್ಯಕ್ರಮ ಮಾಡಿದ ಕಂಪನಿ ಇದು. ಕ್ಯಾಮೆರಾ ಮೇಲಕ್ಕೆ ಹೋಗಿ ಮೇಲಿನ ಸಾಲುಗಳನ್ನು ತೋರಿಸಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಣ್ಣ ತನ್ನ ಹಳೆ ಮಾತು ತೆಗೆದ. "ಈ ಜನ ಟಿಎನ್‌ಎಗೆ ಬಂದವರಲ್ಲ, ಡಬ್ಲ್ಯುಡಬ್ಲ್ಯುಇ ಹೆಸರಿಗೆ ಬಂದವರು." ಅದೇ ರಾತ್ರಿ ಟ್ರಿಕ್ ಬೆಲ್ಟ್ ಉಳಿಸಿಕೊಂಡ. ಎನ್‌ಎಕ್ಸ್‌ಟಿಯ ಜೇಸಿ ಜೇನ್ ಮಾಶಾ ಸ್ಲಾಮೊವಿಚ್‌ಳನ್ನು ಸೋಲಿಸಿ ನಾಕ್‌ಔಟ್ಸ್ ಬೆಲ್ಟನ್ನೂ ಒಯ್ದಳು. ಹೀಗೆ ಎರಡು ದೊಡ್ಡ ಬೆಲ್ಟೂ ಪಕ್ಕದ ಮನೆ ಪಾಲು. ಅಣ್ಣನ ಮಾತಿಗೆ ಎದುರಾಡಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ, ಲಿಯಾನ್ ಸ್ಲೇಟರ್ ಇಲ್ಲದಿದ್ದರೆ.

ಬ್ರಿಟನ್‌ನ ಹುಡುಗ, ಆಗ ವಯಸ್ಸು ಬರೀ 20. ಎದುರಾಳಿ ಮೂಸ್, ಅವನಿಗಿಂತ ಎಷ್ಟೋ ದೊಡ್ಡ ಆಳು. ಸ್ಲೇಟರ್‌ನ ಫಿನಿಶರ್, ಅಂದರೆ ಪಂದ್ಯ ಮುಗಿಸುವ ಪಟ್ಟು, ಸ್ವಾಂಟನ್ 450. ಹಗ್ಗದ ತುದಿಯಲ್ಲಿ ನಿಂತು, ಹಾರಿ, ಗಾಳಿಯಲ್ಲಿ ಒಂದು ಸುತ್ತಿಗಿಂತ ಹೆಚ್ಚು ಉರುಳಿ, ಎದುರಾಳಿಯ ಮೇಲೆ ಬೀಳುವುದು. ಇಳಿಯುವ ಜಾಗ ಗೇಣುದ್ದ ತಪ್ಪಿದರೂ ಇಬ್ಬರಿಗೂ ಅಪಾಯ. ಆ ರಾತ್ರಿ ಅವನು ಎಕ್ಸ್ ಡಿವಿಷನ್ ಇತಿಹಾಸದ ಅತಿ ಕಿರಿಯ ಚಾಂಪಿಯನ್ ಆದ. 2002ರಲ್ಲಿ ಆ ಬೆಲ್ಟ್ ಮೊದಲು ಗೆದ್ದ ಎ.ಜೆ. ಸ್ಟೈಲ್ಸ್ ಅದೇ ರಾತ್ರಿ, ಅದೇ ಕಟ್ಟಡದಲ್ಲಿ, ವರ್ಷಗಟ್ಟಲೆ ದೂರವಿದ್ದು ಟಿಎನ್‌ಎಗೆ ಮತ್ತೆ ಕಾಲಿಟ್ಟಿದ್ದರು. ಒಪ್ಪಂದ ಇರದಿದ್ದರೆ ಸ್ಟೈಲ್ಸ್ ಬರುತ್ತಿರಲಿಲ್ಲ. ಸ್ಲೇಟರ್‌ನ ಹಾರಾಟ ನೋಡಲು 7 ಸಾವಿರ ಜನರೂ ಇರುತ್ತಿರಲಿಲ್ಲ. ನನ್ನ ವಾದ ಇಷ್ಟೇ. ಯಾರ ಹೆಸರಿಗೇ ಬಂದಿರಲಿ, ಬಂದವರು ಮನೆಗೆ ಹೋಗುವಾಗ ಈ ಹುಡುಗನ ಹೆಸರನ್ನು ಬಾಯಲ್ಲಿಟ್ಟುಕೊಂಡು ಹೋದರಲ್ಲ.

ಅಕ್ಟೋಬರ್ 7ರ ಎನ್‌ಎಕ್ಸ್‌ಟಿ ವರ್ಸಸ್ ಟಿಎನ್‌ಎ ರಾತ್ರಿ ಟಿಎನ್‌ಎಯ ಹಾರ್ಡಿ ಸಹೋದರರು ಎದುರಾಳಿಗಳ ಟ್ಯಾಗ್ ಬೆಲ್ಟ್, ಅಂದರೆ ಜೋಡಿಗಳ ಪಟ್ಟ, ಗೆದ್ದು ಲೆಕ್ಕ ಸ್ವಲ್ಪ ಸರಿ ಮಾಡಿದರು. ಐದು ದಿನದ ನಂತರ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಬೌಂಡ್ ಫಾರ್ ಗ್ಲೋರಿ. ಮೈಕ್ ಸಂಟಾನಾ ಇದೇ ಕಂಪನಿಯಲ್ಲಿ ಎಲ್‌ಎಎಕ್ಸ್ ಜೋಡಿಯಾಗಿ ಹೆಸರು ಮಾಡಿ, ಎಇಡಬ್ಲ್ಯುಗೆ ಹೋಗಿ, 2024ರಲ್ಲಿ ವಾಪಸ್ ಬಂದವನು. ಕುಡಿತ ಬಿಟ್ಟು ಬದುಕು ಕಟ್ಟಿಕೊಂಡದ್ದನ್ನು ಮೈಕ್ ಹಿಡಿದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು. ಅವನು ಟ್ರಿಕ್‌ನನ್ನು ಸೋಲಿಸಿದ. 140 ದಿನದ ಮೇಲೆ ಬೆಲ್ಟ್ ಮನೆಗೆ ಬಂತು, ಅದೂ ಟಿಎನ್‌ಎ ರಿಂಗ್‌ನಲ್ಲೇ, ಟಿಎನ್‌ಎಯ ಅತಿ ದೊಡ್ಡ ರಾತ್ರಿಯಲ್ಲೇ. ಮೂರನೇ ಎಣಿಕೆ ಬಿದ್ದಾಗ ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದ. 2021ಕ್ಕೂ 2025ಕ್ಕೂ ಇರುವ ವ್ಯತ್ಯಾಸ ನನಗೆ ಇಲ್ಲಿ ಕಂಡಿತು. ಆಗ ಬೆಲ್ಟನ್ನು ಕಿತ್ತವನೂ ಹೊರಗಿನವನು, ಕಿತ್ತವನಿಂದ ಬಿಡಿಸಿದವನೂ ಹೊರಗಿನವನು. ಈ ಸಲ ಬಿಡಿಸಿಕೊಂಡವನು ಮನೆ ಮಗ.

ಆದರೂ ಅಣ್ಣನ ಭಯವನ್ನು ತಳ್ಳಿಹಾಕಲಾರೆ. ಜಾರ್ಡಿನ್ ಗ್ರೇಸ್ 2025ರ ಆರಂಭದಲ್ಲೇ ಡಬ್ಲ್ಯುಡಬ್ಲ್ಯುಇಗೆ ಹೋದಳು. ಬಾಗಿಲು ತೆರೆದಿದ್ದರೆ ಗಾಳಿ ಎರಡೂ ಕಡೆ ಬೀಸುತ್ತದೆ. ಇಸಿಡಬ್ಲ್ಯು ಎಂಬ ಹಳೆಯ ಚಿಕ್ಕ ರೆಸ್ಲಿಂಗ್ ಕಂಪನಿಯ ಕಥೆಯನ್ನು ಅಣ್ಣ ಆಗಾಗ ನೆನಪಿಸುತ್ತಾನೆ. 1997ರಲ್ಲಿ ಡಬ್ಲ್ಯುಡಬ್ಲ್ಯುಇಯ ವಾರದ ಕಾರ್ಯಕ್ರಮ ‘ರಾ’ದ ವೇದಿಕೆಗೆ ಅವರ ರೆಸ್ಲರ್‌ಗಳು ಬಂದರು, ಏಪ್ರಿಲ್ 13ರ ಮೊದಲ ಪೇ-ಪರ್-ವ್ಯೂಗೆ (ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವ ಕಾರ್ಯಕ್ರಮಕ್ಕೆ) ಅದರಿಂದ ಒಳ್ಳೆ ಪ್ರಚಾರ ಸಿಕ್ಕಿತು, ಆದರೂ 2001ರಲ್ಲಿ ಕಂಪನಿ ಮುಚ್ಚಿತು. ದೊಡ್ಡವರ ಸಹಾಯ ಪ್ರಚಾರ ಕೊಟ್ಟೀತು, ಮನೆಯ ಲೆಕ್ಕ ಮನೆಯವರೇ ನೋಡಿಕೊಳ್ಳಬೇಕು. ಅದಕ್ಕೇ 2026ರ ಜನವರಿಯಿಂದ ಟಿಎನ್‌ಎಯ ವಾರದ ಕಾರ್ಯಕ್ರಮ ಇಂಪ್ಯಾಕ್ಟ್ ಎಎಂಸಿ ಚಾನೆಲ್‌ಗೆ ಹೋದದ್ದು ನನಗೆ ಸ್ಲ್ಯಾಮಿವರ್ಸರಿಯ ಜನಸಂಖ್ಯೆಗಿಂತ ದೊಡ್ಡ ಸುದ್ದಿ. ಅದು ಇವರ ಸ್ವಂತ ಜಾಗ. ನಾಳೆ ಒಪ್ಪಂದ ಮುರಿದರೂ ನಿಲ್ಲಲು ನೆಲ ಇರುತ್ತದೆ.

ಹೊಸದಾಗಿ ಶುರು ಮಾಡುವವರು ವಾರದ ಕಂತುಗಳಿಂದ ಶುರು ಮಾಡಬೇಡಿ. ಮೊದಲು 2005ರ ಅನ್‌ಬ್ರೇಕಬಲ್ ಪಂದ್ಯ ನೋಡಿ, ಆಮೇಲೆ ಸ್ಲೇಟರ್ ಮತ್ತು ಮೂಸ್, ಕೊನೆಗೆ ಸಂಟಾನಾ ಮತ್ತು ಟ್ರಿಕ್. ಈ ಮೂರು ನೋಡಿದ ಮೇಲೂ ಮನಸ್ಸು ಹತ್ತಲಿಲ್ಲ ಅಂದರೆ ಈ ಕಂಪನಿ ನಿಮಗಲ್ಲ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಅಣ್ಣ ಮೂರು ಅನ್ನುತ್ತಾನೆ, ಆದರೆ ಗುರುವಾರ ಬಂತೆಂದರೆ ನನಗಿಂತ ಮೊದಲು ಟಿವಿ ಮುಂದೆ ಕೂತಿರುತ್ತಾನೆ.